ಸೂಜಿಯ ಕಣ್ಣಿನ ಪರೀಕ್ಷೆ: ಬೈಬಲ್ ಹಿನ್ನೆಲೆ ಮತ್ತು ದೈವಶಾಸ್ತ್ರದ ಪುಸ್ತಕಗಳನ್ನು ತೂಗಿನೋಡುವ ಬಗೆ

ಬೈಬಲಿನ ವ್ಯಾಖ್ಯಾನವನ್ನಾಗಲಿ, ಅದರ ಕಾಲದೇಶಗಳ ಹಿನ್ನೆಲೆಯನ್ನು ವಿವರಿಸುವ ಪುಸ್ತಕವನ್ನಾಗಲಿ ಕೊಳ್ಳುವ ಮುನ್ನ ಮುನ್ನುಡಿಯನ್ನು ಓದಬೇಡಿ. ಹಿಂಬದಿಯ ಹೊದಿಕೆಯ ಮೇಲಿನ ಹೊಗಳಿಕೆಗಳನ್ನಂತೂ ಓದಲೇಬೇಡಿ. ನೇರವಾಗಿ ಮತ್ತಾಯ 19:24ರ ಬಗ್ಗೆ ಅದು ಏನು ಹೇಳುತ್ತದೆ ಎಂದು ಹುಡುಕಿ. ಐಶ್ವರ್ಯವಂತನು ದೇವರ ರಾಜ್ಯದಲ್ಲಿ ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳುವ ವಚನ ಅದು. ಈ ವಚನದ ಮೇಲಿನ ಪ್ರಸಂಗಗಳಲ್ಲಿ ಒಂದು ವಿವರಣೆಯನ್ನು ನೀವು ಕೇಳಿಯೇ ಇರುತ್ತೀರಿ: ಯೆರೂಸಲೇಮಿನ ಕೋಟೆಯಲ್ಲಿ ‘ಸೂಜಿಯ ಕಣ್ಣು’ ಎಂಬ ಸಣ್ಣ ದಿಡ್ಡಿಬಾಗಿಲು ಇತ್ತಂತೆ, ರಾತ್ರಿ ದೊಡ್ಡ ಬಾಗಿಲು ಮುಚ್ಚಿದ ಮೇಲೆ ಬಂದ ಒಂಟೆಯು ಹೇರನ್ನೆಲ್ಲ ಇಳಿಸಿ, ಮಂಡಿಯೂರಿ ಅದರೊಳಗೆ ತೆವಳಿಕೊಂಡು ಹೋಗಬೇಕಿತ್ತಂತೆ. ಕೇಳುವುದಕ್ಕೆ ಚೆನ್ನಾಗಿದೆ, ಸಂಡೇ ಸ್ಕೂಲಿನ ಮಕ್ಕಳಿಗೆ ಚಿತ್ರ ಬರೆದು ತೋರಿಸುವುದಕ್ಕೂ ಒದಗುತ್ತದೆ. ಆದರೆ ಮೊದಲನೆಯ ಶತಮಾನದ ಯೆರೂಸಲೇಮಿನಲ್ಲಿ ಅಂಥ ಬಾಗಿಲು ಇತ್ತೆನ್ನುವುದಕ್ಕೆ ಆ ಕಾಲದ ಬರಹವಾಗಲಿ, ಅಗೆತದಲ್ಲಿ ಸಿಕ್ಕ ಅವಶೇಷವಾಗಲಿ ಯಾವುದೂ ಇಲ್ಲ. ಕಥೆಯು ಕಾಣಿಸಿಕೊಳ್ಳುವುದು ಮಧ್ಯಯುಗದ ಯುರೋಪಿನ ವ್ಯಾಖ್ಯಾನಗಳಲ್ಲಿ, ಅಂದರೆ ಯೇಸುವಿನ ಕಾಲದಿಂದ ಸಾವಿರ ವರ್ಷಗಳಷ್ಟು ಈಚೆಗೆ.

ಇದಕ್ಕಿಂತ ಮುಖ್ಯವಾದದ್ದೆಂದರೆ, ಆ ವಚನದ ಮುಂದಿನ ಎರಡು ವಚನಗಳನ್ನು ಓದಿದ್ದರೆ ಈ ಬಾಗಿಲೇ ಬೇಕಾಗುತ್ತಿರಲಿಲ್ಲ. ಶಿಷ್ಯರು ಬೆರಗಾಗಿ, ಹಾಗಾದರೆ ಯಾರಿಗೆ ರಕ್ಷಣೆಯಾದೀತು ಎಂದು ಕೇಳುತ್ತಾರೆ. ಇದು ಮನುಷ್ಯರಿಗೆ ಅಸಾಧ್ಯ, ದೇವರಿಗೆ ಸಾಧ್ಯ ಎಂದು ಯೇಸು ಉತ್ತರಿಸುತ್ತಾನೆ. ಮಂಡಿಯೂರಿದರೆ ನುಗ್ಗಬಹುದಾದ ಬಾಗಿಲಿನಲ್ಲಿ ಅಸಾಧ್ಯವೆನ್ನುವಂಥದ್ದು ಏನಿದೆ? ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮೂದಿನಲ್ಲಿ ಇದೇ ಬಗೆಯ ಮಾತು ಆನೆಯನ್ನು ಕುರಿತು ಬರುತ್ತದೆ. ಕನಸಿನಲ್ಲಿಯೂ ಕಾಣಲಾಗದ್ದಕ್ಕೆ ಉದಾಹರಣೆಯಾಗಿ ಅಲ್ಲಿ ಆನೆಯು ಸೂಜಿಯ ಕಣ್ಣಿನಲ್ಲಿ ಹಾದುಹೋಗುವುದನ್ನು ಹೇಳಿದ್ದಾರೆ. ಹೀಗಾಗಿ ಒಂಟೆಯು ಒಂಟೆಯೇ, ಸೂಜಿಯು ಸೂಜಿಯೇ. ಬಾಗಿಲಿನ ಕಥೆಯನ್ನು ಪ್ರಶ್ನೆಯಿಲ್ಲದೆ ಒಪ್ಪಿಸುವ ಪುಸ್ತಕವನ್ನು ಅಲ್ಲಿಯೇ ಕೆಳಗಿಡಬೇಕೆಂದು ನಾನು ಹೇಳುವುದಿಲ್ಲ. ಆ ಲೇಖಕ ತನ್ನ ಹಿಂದಿನವರು ಬರೆದದ್ದನ್ನು ಪರೀಕ್ಷಿಸದೆ ನಕಲು ಮಾಡುವವನು ಎಂಬುದಂತೂ ತಿಳಿಯುತ್ತದೆ. ಕಥೆಯನ್ನು ಹೇಳಿ, ಅದಕ್ಕೆ ಆಧಾರವಿಲ್ಲವೆಂದೂ ತಿಳಿಸಿ, ಕೆಲವು ತಡವಾದ ಗ್ರೀಕ್ ಹಸ್ತಪ್ರತಿಗಳು ‘ಕಾಮೆಲೋಸ್’ ಅಂದರೆ ಒಂಟೆ ಎಂಬುದರ ಬದಲು ‘ಕಾಮಿಲೋಸ್’ ಅಂದರೆ ಹಗ್ಗ ಎಂದು ಓದುತ್ತವೆ ಎಂಬುದನ್ನೂ ಸೇರಿಸಿದ ಲೇಖಕನನ್ನು ನಂಬಿ ಹತ್ತು ಪುಟ ಮುಂದೆ ಹೋಗಬಹುದು.

ಇಂಥ ಇನ್ನೂ ಎರಡು ಕಡೆ ಪುಸ್ತಕವನ್ನು ತೆರೆದು ನೋಡಿ. ಯಾಜಕಕಾಂಡ 16ನೆಯ ಅಧ್ಯಾಯದಲ್ಲಿ ಮಹಾಯಾಜಕನು ವರ್ಷಕ್ಕೊಮ್ಮೆ ಮಹಾಪವಿತ್ರಸ್ಥಾನವನ್ನು ಪ್ರವೇಶಿಸುತ್ತಾನೆ. ಅವನು ಒಳಗೆ ಸತ್ತು ಗೆಜ್ಜೆಯ ಸದ್ದು ನಿಂತರೆ ಹೊರಗೆಳೆಯಲೆಂದು ಕಾಲಿಗೆ ಹಗ್ಗ ಕಟ್ಟುತ್ತಿದ್ದರು ಎಂಬ ಮಾತು ಅನೇಕ ಪುಸ್ತಕಗಳಲ್ಲಿದೆ. ವಿಮೋಚನಕಾಂಡ 28ರಲ್ಲಿ ಅವನ ಅಂಗಿಯ ಅಂಚಿಗೆ ಗೆಜ್ಜೆಗಳಿರುವುದು ನಿಜ. ಹಗ್ಗ ಮಾತ್ರ ಬೈಬಲಿನಲ್ಲಿಲ್ಲ, ಯೆಹೂದ್ಯ ಇತಿಹಾಸಕಾರ ಜೋಸೆಫಸನಲ್ಲಿಲ್ಲ, ಆ ದಿನದ ವಿಧಿಯನ್ನು ಎಳೆಎಳೆಯಾಗಿ ವರ್ಣಿಸುವ, ಯೆಹೂದ್ಯ ವಿಧಿಗಳ ಹಳೆಯ ಸಂಕಲನವಾದ ಮಿಷ್ನಾದ ‘ಯೋಮಾ’ ಭಾಗದಲ್ಲಿಯೂ ಇಲ್ಲ. ಅದು ಬರುವುದು 13ನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಬೆಳಕಿಗೆ ಬಂದ ‘ಜೋಹರ್’ ಎಂಬ ಯೆಹೂದ್ಯ ಅನುಭಾವ ಗ್ರಂಥದಲ್ಲಿ. ಎರಡನೆಯದು ಮಾರ್ಕ 9:43. ನಮ್ಮ ಸತ್ಯವೇದದಲ್ಲಿ, ಅಂದರೆ ಪ್ರೊಟೆಸ್ಟೆಂಟರ ಕನ್ನಡ ಬೈಬಲಿನಲ್ಲಿ, ‘ನರಕ’ ಎಂದಿರುವಲ್ಲಿ ಗ್ರೀಕಿನಲ್ಲಿರುವುದು ‘ಗೆಹೆನ್ನ’; ಯೆರೂಸಲೇಮಿನ ಪಕ್ಕದ ಹಿನ್ನೋಮ್ ತಗ್ಗಿನ ಹೆಸರು ಅದು. ಊರಿನ ಕಸವನ್ನೆಲ್ಲ ಅಲ್ಲಿ ಸುರಿದು ಸದಾ ಸುಡುತ್ತಿದ್ದರು, ಅದಕ್ಕೇ ಆರದ ಬೆಂಕಿಯ ಹೋಲಿಕೆ ಎಂದು ಬರೆಯುವುದು ವಾಡಿಕೆ. ಈ ಕಸದ ಗುಂಡಿಗೆ ನಮಗೆ ಸಿಗುವ ಹಳೆಯ ಸಾಕ್ಷಿ 1200ರ ಸುಮಾರಿನಲ್ಲಿದ್ದ ದಾವೀದ್ ಕಿಮ್ಹಿ ಎಂಬ ಯೆಹೂದ್ಯ ವ್ಯಾಖ್ಯಾನಕಾರ. ಆ ತಗ್ಗಿಗೆ ಕೆಟ್ಟ ಹೆಸರು ಬಂದದ್ದು ಏಕೆಂದು ತಿಳಿಯಬೇಕಾದರೆ ಯೆರೆಮೀಯ 7:31 ಸಾಕು: ಜನರು ಅಲ್ಲಿ ತಮ್ಮ ಮಕ್ಕಳನ್ನು ಬೆಂಕಿಯಲ್ಲಿ ಆಹುತಿ ಕೊಡುತ್ತಿದ್ದರು. ಕಸಕ್ಕಿಂತ ಇದು ಎಷ್ಟು ಭೀಕರ, ವಚನದ ಅರ್ಥಕ್ಕೆ ಎಷ್ಟು ಹತ್ತಿರ ಎಂಬುದನ್ನು ನೀವೇ ನೋಡಬಹುದು.

ಮೂರು ಕಡೆಯೂ ಕೇಳುವ ಪ್ರಶ್ನೆ ಒಂದೇ: ಈ ಸಂಗತಿಯನ್ನು ಮೊದಲು ಹೇಳಿದವರು ಯಾರು, ಅವರು ಸಂಗತಿಯಿಂದ ಎಷ್ಟು ದೂರದಲ್ಲಿದ್ದರು? ಕನ್ನಡದ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಇಮ್ಮಡಿ ಪುಲಿಕೇಶಿಯ ಬಗ್ಗೆ ಅವನ ಕಾಲದಲ್ಲಿಯೇ, 634ರಲ್ಲಿ, ರವಿಕೀರ್ತಿ ಬರೆಸಿದ ಐಹೊಳೆಯ ಶಾಸನವಿದೆ. ಅದರ ಮಾತನ್ನೂ, ಸಾವಿರ ವರ್ಷ ಕಳೆದ ಮೇಲೆ ಹುಟ್ಟಿದ ಐತಿಹ್ಯವೊಂದರ ಮಾತನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆಸ್ಥಾನಕವಿಯ ಹೊಗಳಿಕೆಯೆಂದು ಶಾಸನವನ್ನೂ ಎಚ್ಚರದಿಂದಲೇ ಓದುತ್ತೇವೆ. ಶಾಸನ ಮತ್ತು ಸ್ಥಳಪುರಾಣಗಳ ಮುಂದೆ ನಾವು ತೋರಿಸುವ ಈ ಎಚ್ಚರ ಬೈಬಲ್ ಹಿನ್ನೆಲೆಯ ಪುಸ್ತಕಗಳ ಮುಂದೆ ಏಕೋ ಮಾಯವಾಗಿಬಿಡುತ್ತದೆ. ಪವಿತ್ರ ಗ್ರಂಥದ ಬಗ್ಗೆ ಬರೆದದ್ದೆಲ್ಲವೂ ಪವಿತ್ರವೆಂಬ ಭಾವನೆ ಅದಕ್ಕೆ ಕಾರಣವಿರಬಹುದು.

ದೂರವನ್ನು ಅಳೆಯುವುದಕ್ಕೆ ಕೆಲವು ವರ್ಷಗಳನ್ನು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು. ರೋಮನರೊಡನೆ ನಡೆದ ಯುದ್ಧದಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದದ್ದು ಕ್ರಿ.ಶ. 70ರಲ್ಲಿ. ಜೋಸೆಫಸನು ಆ ಯುದ್ಧವನ್ನು ಕಣ್ಣಾರೆ ಕಂಡು ಅದರ ಇತಿಹಾಸವನ್ನು ಬರೆದವನು. ಅವನ ಇನ್ನೊಂದು ದೊಡ್ಡ ಗ್ರಂಥ ಮುಗಿದದ್ದು 93–94ರ ಸುಮಾರಿಗೆ. ಮಿಷ್ನಾ ಸಂಕಲನಗೊಂಡದ್ದು ಸುಮಾರು 200ರಲ್ಲಿ, ಬಾಬಿಲೋನಿನ ತಾಲ್ಮೂದು ರೂಪುಗೊಂಡದ್ದು ಅದಕ್ಕೂ ಮೂರು ಶತಮಾನಗಳಷ್ಟು ಈಚೆಗೆ. ಆದ್ದರಿಂದ ‘ಯೇಸುವಿನ ಕಾಲದ ಯೆಹೂದ್ಯರು ಹೀಗೆ ಮಾಡುತ್ತಿದ್ದರು’ ಎಂದು ಪುಸ್ತಕವೊಂದು ಹೇಳಿ, ಅಡಿಟಿಪ್ಪಣಿಯಲ್ಲಿ ತಾಲ್ಮೂದನ್ನು ಮಾತ್ರ ತೋರಿಸಿದರೆ, ಲೇಖಕನು ನಡುವಿನ ಶತಮಾನಗಳನ್ನು ಹೇಗೆ ದಾಟಿದನೆಂದು ಕೇಳಬೇಕು. ಹಳೆಯ ನೆನಪುಗಳು ಅಲ್ಲಿ ಉಳಿದಿರಲು ಸಾಧ್ಯವಿದೆ. ಆದರೆ ದೇವಾಲಯವಿದ್ದಾಗಿನ ಬದುಕನ್ನು ದೇವಾಲಯವಿಲ್ಲದ ಪೀಳಿಗೆಗಳು ಬರೆದಿವೆ ಎಂಬುದನ್ನು ಒಳ್ಳೆಯ ಲೇಖಕನು ಓದುಗನಿಗೆ ಒಂದು ಸಲವಾದರೂ ಜ್ಞಾಪಿಸುತ್ತಾನೆ.

ಸಮೀಪದ ಸಾಕ್ಷಿ ಹೇಗಿರುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಬೇಕು. ಅಪೊಸ್ತಲರ ಕೃತ್ಯಗಳು 18:12ರಲ್ಲಿ ಆದಿಕ್ರೈಸ್ತ ಬೋಧಕ ಪೌಲನನ್ನು ಗ್ರೀಸಿನ ಕೊರಿಂಥದಲ್ಲಿ ಗಲ್ಲಿಯೋನನೆಂಬ ರೋಮನ್ ಅಧಿಪತಿಯ ಮುಂದೆ ನಿಲ್ಲಿಸುತ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಶಾಸನದ ತುಣುಕುಗಳಲ್ಲಿ ಕ್ಲೌದ್ಯ ಚಕ್ರವರ್ತಿಯ ಒಂದು ಪತ್ರವಿದ್ದು, ಅದರಲ್ಲಿ ಈ ಗಲ್ಲಿಯೋನನ ಹೆಸರಿದೆ. ಪತ್ರದ ಕಾಲವನ್ನು ಲೆಕ್ಕಹಾಕಿ ಅವನು 51–52ರ ಸುಮಾರಿಗೆ ಅಲ್ಲಿ ಅಧಿಕಾರದಲ್ಲಿದ್ದನೆಂದು ತಿಳಿಯುತ್ತಾರೆ. ಪೌಲನ ಬದುಕಿನ ಉಳಿದ ವರ್ಷಗಳನ್ನು ಎಣಿಸುವುದೆಲ್ಲ ಈ ಒಂದು ಗೂಟಕ್ಕೆ ಹಗ್ಗ ಕಟ್ಟಿಕೊಂಡೇ. ಪೌಲನ ಕಾಲಾನುಕ್ರಮವನ್ನು ಕೊಡುವ ಪುಸ್ತಕವು ಗಲ್ಲಿಯೋನನ ಶಾಸನವನ್ನು ಹೇಳದೆ ವರ್ಷಗಳ ಪಟ್ಟಿಯನ್ನು ಮಾತ್ರ ಕೊಟ್ಟರೆ, ಆ ಪಟ್ಟಿ ಇನ್ನೊಂದು ಪುಸ್ತಕದಿಂದ ಎತ್ತಿದ್ದೆಂದು ಧೈರ್ಯವಾಗಿ ಊಹಿಸಬಹುದು.

ಪುರಾತತ್ವದ ಮಾತು ಬಂದಾಗ ಇನ್ನೊಂದು ಬಗೆಯ ಎಚ್ಚರ ಬೇಕು. 1961ರಲ್ಲಿ ಇಸ್ರೇಲಿನ ಕರಾವಳಿಯ ಕೈಸರೈಯದಲ್ಲಿ, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಕಾರಿ ಪಿಲಾತನ ಹೆಸರಿದ್ದ ಕಲ್ಲು ಸಿಕ್ಕಿತು. ಅದರಲ್ಲಿ ಅವನ ಹುದ್ದೆ ‘ಪ್ರಿಫೆಕ್ಟ್’ ಎಂದಿದೆ. ರೋಮಿನ ಇತಿಹಾಸಕಾರ ಟಾಸಿಟಸ್ ಅವನನ್ನು ‘ಪ್ರೊಕ್ಯುರೇಟರ್’ ಎಂದು ಕರೆದಿದ್ದ. 1993ರಲ್ಲಿ ಇಸ್ರೇಲಿನ ಉತ್ತರದ ತೆಲ್ ದಾನ್‌ನಲ್ಲಿ ಸಿಕ್ಕ ಕ್ರಿ.ಪೂ. 9ನೆಯ ಶತಮಾನದ ಅರಾಮಿಕ್ ಶಾಸನದಲ್ಲಿ ‘ದಾವೀದನ ಮನೆ’ ಎಂದು ಬಹುತೇಕ ವಿದ್ವಾಂಸರು ಓದುವ ಪದವಿದೆ. ಇವು ಎಷ್ಟನ್ನು ಹೇಳುತ್ತವೆಯೋ ಅಷ್ಟನ್ನೇ ಹೇಳುವ ಪುಸ್ತಕ ಒಳ್ಳೆಯದು. ಪಿಲಾತನ ಕಲ್ಲು ಅವನಿದ್ದನೆಂದೂ ಅವನ ಹುದ್ದೆ ಏನೆಂದೂ ತಿಳಿಸುತ್ತದೆ. ಯೇಸುವಿನ ವಿಚಾರಣೆಯಲ್ಲಿ ಯಾರು ಏನು ಅಂದರು ಎಂಬುದಕ್ಕೆ ಆ ಕಲ್ಲಿನಲ್ಲಿ ಉತ್ತರವಿಲ್ಲ. ತೆಲ್ ದಾನ್ ಶಾಸನವು ದಾವೀದನ ವಂಶವೊಂದು ನೆರೆಯ ಅರಸನಿಗೆ ಗೊತ್ತಿತ್ತೆಂದು ತೋರಿಸುತ್ತದೆ. ಸೊಲೊಮೋನನ ರಾಜ್ಯ ಎಷ್ಟು ವಿಸ್ತಾರವಾಗಿತ್ತೆಂದು ಹೇಳುವುದಿಲ್ಲ. ‘ಪುರಾತತ್ವವು ಬೈಬಲನ್ನು ರುಜುವಾತುಪಡಿಸಿದೆ’ ಎಂದು ಬರೆಯುವವನೂ, ‘ಪುರಾತತ್ವವು ಬೈಬಲನ್ನು ಸುಳ್ಳೆಂದು ತೋರಿಸಿದೆ’ ಎಂದು ಬರೆಯುವವನೂ ಬಹಳ ಸಲ ಒಂದೇ ತಪ್ಪನ್ನು ಮಾಡುತ್ತಿರುತ್ತಾರೆ.

ನಮ್ಮ ದೇಶಕ್ಕೆ ನಂಟಿರುವ ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾರೆ. ಯೇಸು ತನ್ನ ಯೌವನದ ವರ್ಷಗಳನ್ನು ಭಾರತದಲ್ಲಿ ಕಳೆದನೆಂಬ ಕಥೆ ಇಂದಿಗೂ ಕೈಯಿಂದ ಕೈಗೆ ಹರಿದಾಡುತ್ತದೆ. ಇದನ್ನು ಹೆಚ್ಚು ಪ್ರಚಾರಕ್ಕೆ ತಂದವನು ರಷ್ಯಾದ ಪ್ರವಾಸಿ ನಿಕೊಲಾಸ್ ನೊಟೊವಿಚ್. ಲಡಾಖಿನ ಹೆಮಿಸ್ ಮಠದಲ್ಲಿ ಹಳೆಯ ಹಸ್ತಪ್ರತಿಯೊಂದನ್ನು ತನಗೆ ಓದಿ ಹೇಳಿದರೆಂದು ಅವನು 1894ರಲ್ಲಿ ಪ್ರಕಟಿಸಿದ. ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಕೂಡಲೇ ಅನುಮಾನಪಟ್ಟರು. ಮರುವರ್ಷ ಆಗ್ರಾದ ಕಾಲೇಜೊಂದರ ಅಧ್ಯಾಪಕರು ಹೆಮಿಸ್‌ಗೇ ಹೋಗಿ ಕೇಳಿದಾಗ, ಅಂಥ ಹಸ್ತಪ್ರತಿಯೇ ಇಲ್ಲವೆಂದು ಮಠಾಧಿಪತಿ ಹೇಳಿದರು. ಒಬ್ಬನೇ ಕಂಡ, ಬೇರೆ ಯಾರಿಗೂ ತೋರಿಸಲಾಗದ ಮೂಲದ ಮೇಲೆ ನಿಂತ ಪುಸ್ತಕ ಎಷ್ಟು ಭಾಷೆಗಳಿಗೆ ಅನುವಾದವಾದರೂ ಸಾಕ್ಷಿ ಒಂದೇ ಆಗಿರುತ್ತದೆ. ಹಾಗೆಯೇ, ವಿಶ್ವವಿದ್ಯಾಲಯದ ಹೆಸರಿದ್ದ ಮಾತ್ರಕ್ಕೆ ಮೈಮರೆಯಲೂಬಾರದು: ಯೇಸುವಿಗೆ ಹೆಂಡತಿಯಿದ್ದಳೆಂಬ ಮಾತಿದ್ದ ಪಪೈರಸ್ ಎಂಬ ಪ್ರಾಚೀನ ಜೊಂಡಿನ ಹಾಳೆಯ ತುಣುಕೊಂದನ್ನು 2012ರಲ್ಲಿ ಬಹಳ ದೊಡ್ಡ ವಿದ್ಯಾಸಂಸ್ಥೆಯೊಂದರ ವಿದ್ವಾಂಸರು ಲೋಕಕ್ಕೆ ತೋರಿಸಿದರು, ಅದು ನಕಲಿಯಾಗಿರುವ ಸಂಭವವೇ ಹೆಚ್ಚೆಂದು 2016ರಲ್ಲಿ ಅವರೇ ಒಪ್ಪಿಕೊಂಡರು. ಆ ನಾಲ್ಕು ವರ್ಷಗಳ ನಡುವೆ ಅಚ್ಚಾದ ಪುಸ್ತಕಗಳು ಇನ್ನೂ ಕಪಾಟುಗಳಲ್ಲಿವೆ. ಆದ್ದರಿಂದ ಪುಸ್ತಕದ ವರ್ಷವನ್ನು ನೋಡುವುದು ಎಂದಿಗೂ ವ್ಯರ್ಥವಲ್ಲ.

ವರ್ಷದ ವಿಚಾರ ಉಚಿತ ಪುಸ್ತಕಗಳ ಮಟ್ಟಿಗೆ ಇನ್ನೂ ಮುಖ್ಯ. ಫೋನಿನ ಬೈಬಲ್ ಆಪ್‌ಗಳಲ್ಲಿ ಪುಕ್ಕಟೆಯಾಗಿ ಸಿಗುವ ವ್ಯಾಖ್ಯಾನಗಳು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದವು, ಅಂದರೆ ಹಳೆಯವು. ಅವುಗಳಲ್ಲಿ ಬಹು ಜನಪ್ರಿಯವಾದ ಮ್ಯಾಥ್ಯೂ ಹೆನ್ರಿಯ ವ್ಯಾಖ್ಯಾನ 18ನೆಯ ಶತಮಾನದ ಆರಂಭದ್ದು. 1714ರಲ್ಲಿ ಆತ ತೀರಿಕೊಂಡಾಗ ಕೊನೆಯ ಭಾಗ ಬಾಕಿಯಿದ್ದು, ಬೇರೆಯವರು ಪೂರ್ತಿಗೊಳಿಸಿದರು. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಶಾಂಪೋಲಿಯನ್ ಬಿಡಿಸಿದ್ದು 1822ರಲ್ಲಿ, ಬೈಬಲಿನ ಅತಿ ಹಳೆಯ ಹೀಬ್ರೂ ಹಸ್ತಪ್ರತಿಗಳಿರುವ ಮೃತಸಮುದ್ರದ ಸುರುಳಿಗಳು ಬೆಳಕಿಗೆ ಬಂದದ್ದು 1947ರಲ್ಲಿ. ಭಕ್ತಿಯ ಓದಿಗೆ ಹೆನ್ರಿ ಇಂದಿಗೂ ರುಚಿಕರ, ನಾನೂ ಓದುತ್ತೇನೆ. ಆದರೆ ಫರೋಹನ ಆಸ್ಥಾನ ಹೇಗಿತ್ತೆಂದು ಆತನನ್ನು ಕೇಳುವುದು ಸರಿಯಲ್ಲ. ಕನ್ನಡಕ್ಕೆ ಅನುವಾದವಾದ ಪುಸ್ತಕಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಮುಖಪುಟದ ಹಿಂದೆ ಕನ್ನಡ ಮುದ್ರಣದ ವರ್ಷ ಮಾತ್ರ ಇದ್ದು, ಮೂಲ ಯಾವ ಭಾಷೆಯದು, ಯಾವ ವರ್ಷದ ಯಾವ ಆವೃತ್ತಿ, ಅನುವಾದಿಸಿದವರು ಯಾರು ಎಂಬುದು ಎಷ್ಟೋ ಸಲ ಇರುವುದೇ ಇಲ್ಲ. ಅದನ್ನು ಹುಡುಕಿ ಪೆನ್ಸಿಲ್ಲಿನಿಂದ ಬರೆದಿಟ್ಟುಕೊಳ್ಳಿ.

ಪದಗಳ ಅರ್ಥವನ್ನು ಆಧಾರವಾಗಿ ಇಟ್ಟುಕೊಂಡು ಬೋಧಿಸುವ ಪುಸ್ತಕಗಳನ್ನು ಬೇರೆಯದೇ ಪರೀಕ್ಷೆಗೆ ಒಡ್ಡಬೇಕು. ರೋಮಾಪುರದವರಿಗೆ ಬರೆದ ಪತ್ರಿಕೆಯ 1:16ರಲ್ಲಿ ಸುವಾರ್ತೆಯನ್ನು ದೇವರ ‘ದುನಾಮಿಸ್’, ಅಂದರೆ ಬಲ, ಎಂದಿದೆ. ಅದೇ ಪದದಿಂದ ಡೈನಮೈಟ್ ಬಂದಿದೆ, ಆದ್ದರಿಂದ ಸುವಾರ್ತೆ ಸಿಡಿಮದ್ದು ಎಂದು ಬರೆಯುವವರಿದ್ದಾರೆ. ಆಲ್ಫ್ರೆಡ್ ನೊಬೆಲ್ ಡೈನಮೈಟ್ ಎಂಬ ಹೆಸರಿಟ್ಟದ್ದು 1867ರಲ್ಲಿ. ಪೌಲನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿರಲಾರ. ಪದದ ಮೂಲವೇ ಅದರ ಅರ್ಥವೆಂದು ತಿಳಿಯುವುದು ಇದರ ಅಣ್ಣನಂಥ ತಪ್ಪು. ತೈಲ ಎಂಬುದು ತಿಲದಿಂದ, ಅಂದರೆ ಎಳ್ಳಿನಿಂದ, ಬಂದ ಪದ. ಕಚ್ಚಾತೈಲದ ಬೆಲೆ ಏರಿತೆಂದು ಓದಿದಾಗ ನಮಗೆ ಯಾರಿಗೂ ಎಳ್ಳು ನೆನಪಾಗುವುದಿಲ್ಲ. ಸಭೆಗೆ ಗ್ರೀಕಿನಲ್ಲಿರುವ ‘ಎಕ್ಲೇಸಿಯ’ ಎಂದರೆ ‘ಹೊರಗೆ ಕರೆಯಲ್ಪಟ್ಟವರು’ ಎಂದು ಮೂಲಾರ್ಥ ಬಿಡಿಸಿ, ಅದರ ಮೇಲೆ ಸಭೆಯ ಸಿದ್ಧಾಂತವನ್ನೇ ಕಟ್ಟುವ ಪುಸ್ತಕ ಸಿಕ್ಕರೆ ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯವನ್ನು ತೆಗೆಯಿರಿ. ಎಫೆಸದಲ್ಲಿ ಗದ್ದಲವೆಬ್ಬಿಸಿದ ಜನರ ಗುಂಪಿಗೂ ಅಲ್ಲಿ ಇದೇ ಪದವಿದೆ. ಈ ವಿಷಯದಲ್ಲಿ ಕನ್ನಡದ ಓದುಗ ಪುಣ್ಯವಂತ. ಕ್ರೈಸ್ತರ ಸಭೆಗೂ ಊರಿನ ಸಭೆಗೂ ನಮ್ಮಲ್ಲಿ ಒಂದೇ ಮಾತಿರುವುದರಿಂದ ಗ್ರೀಕಿನ ಸಲಿಗೆ ನಮಗೆ ತಾನಾಗಿ ದಕ್ಕಿದೆ.

ಬೇರೆ ಕೆಲವು ಕಡೆ ನಮ್ಮ ಭಾಷೆಯೇ ನಮ್ಮನ್ನು ದಾರಿತಪ್ಪಿಸಬಹುದು. ಮೋಶೆಯ ‘ತೋರಾ’ವನ್ನು, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳನ್ನು, ಸತ್ಯವೇದದಲ್ಲಿ ಧರ್ಮಶಾಸ್ತ್ರವೆಂದಿದ್ದಾರೆ, ಆ ಮಾತನ್ನು ಕೇಳಿದೊಡನೆ ನಮಗೆ ಮನು, ಯಾಜ್ಞವಲ್ಕ್ಯರು ನೆನಪಾದರೆ ತಪ್ಪಿಲ್ಲ, ಆದರೆ ತೋರಾದಲ್ಲಿ ವಿಧಿಗಳಷ್ಟೇ ಕಥೆಯೂ ಇದೆ. ಪೌಲನ ‘ದಿಕಾಯೊಸುನೆ’ಗೆ ಇಟ್ಟಿರುವ ‘ನೀತಿ’ ಎಂಬ ಪದ ನಮ್ಮಲ್ಲಿ ಸನ್ನಡತೆಯ ಕಡೆಗೆ ವಾಲುತ್ತದೆ. ಮೂಲದಲ್ಲಿ ನ್ಯಾಯಸ್ಥಾನದ ತೀರ್ಪು, ಒಡಂಬಡಿಕೆಯ ನಂಬಿಗಸ್ತಿಕೆ ಎಂಬ ಛಾಯೆಗಳೂ ಇವೆ. ‘ಯೆಹೋವ’ ಎಂಬ ರೂಪವೂ ಹೀಬ್ರೂವಿನ ನಾಲ್ಕು ವ್ಯಂಜನಗಳಿಗೆ, ಓದುವಾಗ ಬದಲಿಗೆ ಹೇಳುತ್ತಿದ್ದ ‘ಅದೋನಾಯ್’ ಎಂಬ ಪದದ ಸ್ವರಗಳನ್ನು ಸೇರಿಸಿದ್ದರಿಂದ ಹುಟ್ಟಿದ್ದು. ಅದೇ ಮೂಲ ಉಚ್ಚಾರಣೆಯೆಂದು ಹಟಹಿಡಿಯುವ ಪುಸ್ತಕವನ್ನು ಹೀಬ್ರೂ ವಿಷಯದಲ್ಲಿ ನಂಬಬೇಡಿ. ಕಥೋಲಿಕ ಅನುವಾದದಲ್ಲಿ ಅದೇ ಹೆಸರಿನ ಜಾಗದಲ್ಲಿ ‘ಸರ್ವೇಶ್ವರ’ ಎಂದಿದೆ. ಎರಡೂ ಅನುವಾದಗಳನ್ನು ಪಕ್ಕಪಕ್ಕ ತೆರೆದಿಟ್ಟು ಓದುವುದು ದುಬಾರಿಯಾದ ಎಷ್ಟೋ ವ್ಯಾಖ್ಯಾನಗಳಿಗಿಂತ ಹೆಚ್ಚು ಕಲಿಸುತ್ತದೆ.

ಇನ್ನು ದೈವಶಾಸ್ತ್ರ. ಇಲ್ಲಿ ಸಾಕ್ಷಿಯ ಜೊತೆಗೆ ವಾದವನ್ನೂ ತೂಗಬೇಕು, ಲೇಖಕನು ಯಾವ ಪಂಥದ ಅಂಗಳದಲ್ಲಿ ನಿಂತಿದ್ದಾನೆಂಬುದನ್ನೂ ತಿಳಿಯಬೇಕು. ಅವನ ಬೈಬಲಿನಲ್ಲಿ ಪ್ರೊಟೆಸ್ಟೆಂಟರಂತೆ 66 ಪುಸ್ತಕಗಳಿವೆಯೇ ಕಥೋಲಿಕರಂತೆ 73 ಇವೆಯೇ ಎಂಬುದೇ ಮೊದಲ ಸುಳಿವು. ಪಂಥವಿರುವುದು ದೋಷವಲ್ಲ, ಅದನ್ನು ಮರೆಮಾಚಿ ‘ಬೈಬಲ್ ಮಾತ್ರ ಹೇಳುವುದನ್ನು ಹೇಳುತ್ತೇನೆ’ ಎನ್ನುವುದು ದೋಷ. ಆಮೇಲೆ, ತನಗೆ ಒಪ್ಪಿಗೆಯಿಲ್ಲದವರ ಮಾತನ್ನು ಅವನು ಹೇಗೆ ಹೇಳುತ್ತಾನೆಂದು ನೋಡಿ. ರೋಮಾಪುರದವರಿಗೆ 3:28 ಮನುಷ್ಯನು ನಂಬಿಕೆಯಿಂದಲೇ ನೀತಿವಂತನೆನಿಸಿಕೊಳ್ಳುತ್ತಾನೆ ಎನ್ನುವಂತಿದ್ದರೆ, ಯಾಕೋಬನ ಪತ್ರಿಕೆ 2:24 ಬರೀ ನಂಬಿಕೆಯಿಂದಲ್ಲ ಎನ್ನುತ್ತದೆ. 1522ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಯಾಕೋಬನದನ್ನು ಹುಲ್ಲಿನಂಥ, ಅಂದರೆ ಹುರುಳಿಲ್ಲದ, ಪತ್ರಿಕೆಯೆಂದು ಕರೆದದ್ದಕ್ಕೆ ಕಾರಣವೂ ಇದೇ ಇಕ್ಕಟ್ಟು. ಈ ಎರಡು ವಚನಗಳನ್ನು ಒಂದೇ ಪುಟದಲ್ಲಿಟ್ಟು ಬೆವರು ಸುರಿಸುವ ಲೇಖಕನಿಗೆ ನಾನು ಮಣೆ ಹಾಕುತ್ತೇನೆ. ಕಥೋಲಿಕರು ಕ್ರಿಯೆಗಳಿಂದ ರಕ್ಷಣೆಯೆನ್ನುತ್ತಾರೆ ಎಂದು ಒಂದೇ ಸಾಲಿನಲ್ಲಿ ಮುಗಿಸಿ, 16ನೆಯ ಶತಮಾನದ ಕಥೋಲಿಕ ಟ್ರೆಂಟ್ ಮಹಾಸಭೆಯ ಮಾತುಗಳನ್ನೂ, ಲೂಥರನ್ ಮತ್ತು ಕಥೋಲಿಕ ಸಭೆಗಳು 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಇದೇ ವಿಷಯದ ಮೇಲೆ ಸಹಿಮಾಡಿದ ಜಂಟಿ ಘೋಷಣೆಯನ್ನೂ ಎತ್ತದೆ ಬಿಡುವ ಪುಸ್ತಕವು ವಾದದ ಅರ್ಧವನ್ನು ನಿಮ್ಮಿಂದ ಬಚ್ಚಿಟ್ಟಿದೆ. ಪ್ರೊಟೆಸ್ಟೆಂಟರ ಬಗ್ಗೆ ಕಥೋಲಿಕ ಪುಸ್ತಕಗಳಲ್ಲಿಯೂ ಇದೇ ಅನ್ಯಾಯ ನಡೆಯುವುದುಂಟು.

ಒಪ್ಪಿಗೆಯಿರುವ ಸಿದ್ಧಾಂತದಲ್ಲಿಯೂ ಸಾಕ್ಷಿಯನ್ನು ಸಡಿಲಬಿಡಬಾರದು. ತ್ರಯೈಕ ದೇವರ ಬಗ್ಗೆ ಬರೆಯುವವನು 1 ಯೋಹಾನ 5:7ರ ಹಳೆಯ ಇಂಗ್ಲಿಷ್ ಪಾಠವನ್ನು, ಅಂದರೆ ತಂದೆ, ವಾಕ್ಯ, ಪವಿತ್ರಾತ್ಮ ಈ ಮೂವರು ಒಂದಾಗಿದ್ದಾರೆಂಬ ಸಾಲನ್ನು, ಮುಖ್ಯ ಆಧಾರವಾಗಿ ಇಡುತ್ತಾನೆಯೇ ನೋಡಿ. ವಿದ್ವಾಂಸ ಎರಾಸ್ಮಸ್ ತಾನು ಅಚ್ಚುಹಾಕಿಸಿದ ಗ್ರೀಕ್ ಹೊಸ ಒಡಂಬಡಿಕೆಯ 1516 ಮತ್ತು 1519ರ ಮುದ್ರಣಗಳಲ್ಲಿ ಆ ಸಾಲನ್ನು ಸೇರಿಸಿರಲಿಲ್ಲ, 1522ರಲ್ಲಿ ಸೇರಿಸಿದ. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ. ನಿಖೇಯ ಮಹಾಸಭೆ 325ರಲ್ಲಿ ಕ್ರಿಸ್ತನ ದೈವತ್ವದ ಬಗ್ಗೆ ವಾದಿಸಿ ನಿರ್ಣಯಕ್ಕೆ ಬಂದದ್ದು ಆ ಸಾಲಿನ ನೆರವಿಲ್ಲದೆ. ಸಿದ್ಧಾಂತ ನಿಮ್ಮದೇ ಆಗಿದ್ದರೂ ಬಿರುಕುಬಿಟ್ಟ ಕಂಬವನ್ನು ಅದಕ್ಕೆ ಆಸರೆ ಕೊಡುವವನು ಅದರ ಹಿತೈಷಿಯಲ್ಲ.

ಓದುವ ಕ್ರಮದ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಪುಸ್ತಕವನ್ನು ತೆರೆಯುವ ಮೊದಲು ಅದು ವಿವರಿಸುವ ವೇದಭಾಗವನ್ನು ಪೂರ್ತಿಯಾಗಿ, ಅಧ್ಯಾಯದ ಗಡಿ ದಾಟಿ, ಎರಡು ಸಲ ಓದಿ. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ಲೇಖಕನ ಹೇಳಿಕೆಯನ್ನೂ ಬಲಗಡೆ ಅದಕ್ಕೆ ಅವನು ಕೊಟ್ಟ ಆಧಾರವನ್ನೂ ಬರೆಯುತ್ತ ಹೋಗಿ. ಬಲಗಡೆ ಖಾಲಿಯಿರುವ ಸಾಲುಗಳು ಹೆಚ್ಚಾದಂತೆ ನಿಮಗೇ ತಿಳಿಯುತ್ತದೆ. ‘ಬಹುಶಃ’, ‘ಇದ್ದಿರಬಹುದು’ ಎಂದು ಶುರುವಾದದ್ದು ಮುಂದಿನ ಪುಟದಲ್ಲಿ ‘ಆದ್ದರಿಂದ’ ಎಂದಾಗುವ ಜಾಗವನ್ನು ಹಿಡಿಯಿರಿ. ಅಧ್ಯಾಯಕ್ಕೊಂದು ಅಡಿಟಿಪ್ಪಣಿಯನ್ನಾದರೂ ಬೆನ್ನಟ್ಟಿ ಮೂಲವನ್ನು ನೋಡಿ. ಇಂದು ಇದು ಕಷ್ಟವಲ್ಲ: ಮೃತಸಮುದ್ರದ ಬಳಿಯ ಕುಮ್ರಾನಿನಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿಯ ಚಿತ್ರಗಳನ್ನೂ, ಗ್ರೀಕ್ ಬೈಬಲಿನ 4ನೆಯ ಶತಮಾನದ ಸಿನೈ ಹಸ್ತಪ್ರತಿಯ ಪುಟಗಳನ್ನೂ ಮನೆಯಲ್ಲಿ ಕುಳಿತು ನೋಡಬಹುದು. ಮಾರ್ಕನ ಸುವಾರ್ತೆ 16:8ಕ್ಕೆ ಆ ಹಸ್ತಪ್ರತಿಯಲ್ಲಿ ಮುಗಿಯುವುದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ, ಉಳಿದ 12 ವಚನಗಳ ಬಗ್ಗೆ ತುಟಿಬಿಚ್ಚದ ವ್ಯಾಖ್ಯಾನ ಏನನ್ನು ಬಿಟ್ಟಿದೆಯೆಂದು ಯಾರೂ ಹೇಳಿಕೊಡಬೇಕಿಲ್ಲ. ಬೆಲೆಯ ಪುಸ್ತಕಗಳನ್ನು ಕೊಳ್ಳಲಾಗದವರು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇಂಥ ಕಡೆ ಗ್ರಂಥಾಲಯದಲ್ಲಿ ಓದಲು ಅವಕಾಶವಿದೆಯೇ ಎಂದು ವಿಚಾರಿಸಬಹುದು. ಬೇರೆ ಪಂಥದ ಗೆಳೆಯರ ಕಪಾಟಿನಿಂದ ಕಡ ತರುವುದು ಅದಕ್ಕಿಂತಲೂ ಸುಲಭ, ವಾದಕ್ಕೂ ಜೊತೆ ಸಿಗುತ್ತದೆ.

ಪರೀಕ್ಷೆಯಲ್ಲಿ ಸೋತ ಪುಸ್ತಕವನ್ನು ಹಳೆಯ ಪೇಪರಿನವನಿಗೆ ಹಾಕಬೇಕಾಗಿಲ್ಲ. ಯೆರೂಸಲೇಮಿನ ಬಾಗಿಲಿನಲ್ಲಿ ಎಡವಿದವನು ಯೋಬನ ದುಃಖವನ್ನು ಆಳವಾಗಿ ಅರಿತಿರಬಹುದು. ನನ್ನಲ್ಲಿ ಅಂಥದೊಂದು ಹಳೆಯ ವ್ಯಾಖ್ಯಾನವಿದೆ. ಮತ್ತಾಯ 19ರ ಪುಟದಲ್ಲಿ ಒಂಟೆ ಮಂಡಿಯೂರುವ ಸಾಲಿನ ಪಕ್ಕಕ್ಕೆ ‘ಈ ಬಾಗಿಲನ್ನು ಕಂಡವರು ಯಾರು?’ ಎಂದು ಸಣ್ಣದಾಗಿ ಬರೆದಿದ್ದೇನೆ. ಕೀರ್ತನೆಗಳ ಭಾಗವನ್ನು ಓದುವುದಕ್ಕೆ ಇಂದಿಗೂ ಅದನ್ನೇ ತೆಗೆಯುತ್ತೇನೆ.